ತವರು ಬೀದಿಗೆ ಟಿಕೆಟ್ಟು

ನಾನು ಹುಟ್ಟಿ ಬೆಳೆದ ಬೀದಿಯನ್ನು ನೋಡುವುದಕ್ಕೆ ನಾನು ಟಿಕೆಟ್ ತೆಗೆದುಕೊಂಡು ಹೋದೆ. ನಗಬೇಡಿ. ಬೇಗೂರಿನ ಕೋಟೆ ಬೀದಿಯ ಹನುಮಂತರಾಯಪ್ಪನ ಮಗಳು ಮಾಲಾ, ಬ್ರೂಕ್‌ಫೀಲ್ಡಿನಿಂದ ಕ್ಯಾಬು ಹಿಡಿದು ಬಂದು, ಮಣಿಕಟ್ಟಿಗೆ ಹಸಿರು ಪಟ್ಟಿ ಕಟ್ಟಿಸಿಕೊಂಡು, ಗುರುತಿಲ್ಲದ ಜನರ ಹಿಂದೆ ಸಾಲಿನಲ್ಲಿ ನಡೆದು ತನ್ನ ಮನೆಯನ್ನು ನೋಡಿ ಹೋದಳು ಎಂದರೆ ನಮ್ಮ ಬೀದಿಯವರು ಇವತ್ತಿಗೂ ನಂಬುವುದಿಲ್ಲ.

ಬೇರೆ ದಾರಿ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕೆರೆ ಪಕ್ಕದ ಜಮೀನನ್ನು ಬಿಲ್ಡರಿಗೆ ಕೊಡುವ ಮಾತು ಬಂತು. ಅಣ್ಣ ಮುನಿಕೃಷ್ಣ ಹಕ್ಕು ಬಿಟ್ಟುಕೊಡುವ ಪತ್ರ ತಂದು ನನ್ನ ಮುಂದೆ ಇಟ್ಟ. ಸೈನು ಹಾಕಿದರೆ ತವರು ನಿನ್ನದು, ಭಾಗ ಕೇಳಿದರೆ ಭಾಗ ನಿನ್ನದು, ಎರಡೂ ಸಿಗುವುದಿಲ್ಲ ಅಂದ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಮಾತು ಹೊಸದಲ್ಲ. ಬೆಂಗಳೂರಿನ ಸುತ್ತ ಯಾವ್ಯಾವ ಹಳ್ಳಿಯ ನೆಲಕ್ಕೆ ಬೆಲೆ ಬಂತೋ ಆ ಹಳ್ಳಿಯ ಹೆಣ್ಣುಮಕ್ಕಳೆಲ್ಲ ಇದನ್ನು ಒಂದಲ್ಲ ಒಂದು ಸಲ ಕೇಳಿಸಿಕೊಂಡವರೇ. ಬಹಳ ಜನ ಸೈನು ಹಾಕಿ, ಗೌರಿ ಹಬ್ಬಕ್ಕೆ ಹೋಗಿ ಒಂದು ಸೀರೆ ಉಟ್ಟು ಬರುತ್ತಾರೆ. ನಾನು ಹಾಕಲಿಲ್ಲ. ನಾನೇನು ದಾನ ಕೇಳಿದೆನೇ? ಕೇಸು ಹಾಕಿದೆ. ಆ ವಿಷಯದಲ್ಲಿ ನನಗೆ ಇವತ್ತೂ ಯಾವ ಪಶ್ಚಾತ್ತಾಪವೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಐದು ವರ್ಷದಿಂದ ಅಮ್ಮನ ಮುಖ ನೋಡಿರಲಿಲ್ಲ. ಅಮ್ಮನ ಕೈಯಲ್ಲಿ ಫೋನಿಲ್ಲ. ಅಣ್ಣನ ನಂಬರಿಗೆ ಮಾಡಿದರೆ ಅವನು ಎತ್ತುವುದಿಲ್ಲ. ಬಾಗಿಲಲ್ಲಿ ಯಾರೂ ಕೋಲು ಹಿಡಿದು ನಿಂತಿಲ್ಲ, ನಿಜ. ಸುಮ್ಮನೆ ಎದ್ದು ಹೋಗಬಹುದಿತ್ತು. ಕರೆಯದ ಮನೆಗೆ ಹೋಗುವುದು ನನ್ನ ಜಾಯಮಾನವಲ್ಲ. ಹೀಗೆ ಬಿಗಿದುಕೊಂಡು ಕೂತವಳಿಗೆ ಯಾರ ಮನೆಯಿಂದಲಾದರೂ ಅವರೆಕಾಳಿನ ಸಾರಿನ ವಾಸನೆ ಬಂದರೆ ಸಾಕು, ಅಮ್ಮ ಬೇಕು ಎಂದು ಎಳೆ ಮಗುವಿನ ಹಾಗೆ ಅಳು ಬರುತ್ತಿತ್ತು. ನನ್ನ ಗಂಡ ಶಿವರಾಜ್ ಪಾಪ, ಟೀವಿಯ ಸದ್ದು ಜಾಸ್ತಿ ಮಾಡುತ್ತಿದ್ದರು.

ಟಿಕೆಟ್ಟು ಕೊಟ್ಟವರು ಬಸಮ್ಮನವರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವರು, ಗದಗದ ಕಡೆಯವರು. ಮಗಳು ಶೀತಲ್ ಬಾಣಂತನಕ್ಕೆಂದು ಬಂದ ಬಸಮ್ಮ, ನಿಂಗಪ್ಪ ದಂಪತಿ ಮೊಮ್ಮಗ ಸ್ಕೂಲಿಗೆ ಸೇರಿದರೂ ವಾಪಸ್ ಹೋಗಿಲ್ಲ. ಬಸಮ್ಮನವರಿಗೆ ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಬೇಕು, ಯಾರ ಊರು ಯಾವುದು ಎಂದು ಕೇಳಬೇಕು. ನನ್ನನ್ನೂ ಕೇಳಿದ್ದರು. ಬೇಗೂರು ಎಂದರೆ ತವರು ಇಷ್ಟು ಹತ್ತಿರ ಇದ್ದೂ ಯಾಕೆ ಹೋಗುವುದಿಲ್ಲ ಎನ್ನುವ ಪ್ರಶ್ನೆ ಬರುತ್ತದೆ. ಅದಕ್ಕೆ ಆನೇಕಲ್ ಕಡೆ ಎಂದು ಹೇಳಿ ಬಾಯಿ ಮುಚ್ಚಿಸಿದ್ದೆ.

ಶೀತಲ್ ಆಫೀಸಿನ ಈರೇಶ್ ಎನ್ನುವವನು ಭಾನುವಾರ ಭಾನುವಾರ ಹಳೆಯ ಹಳ್ಳಿಗಳನ್ನು ಜನರಿಗೆ ನಡೆಸಿ ತೋರಿಸುತ್ತಾನಂತೆ. ಆ ವಾರ ಬೇಗೂರು. ಶೀತಲ್ ಅಪ್ಪ ಅಮ್ಮನಿಗೆ ಎರಡು ಟಿಕೆಟ್ ತೆಗೆದಳು. ನಿಂಗಪ್ಪನವರ ಮೊಣಕಾಲು ಕೈಕೊಟ್ಟಿತು. ಬಸಮ್ಮನವರು ನಮ್ಮ ಬಾಗಿಲಿಗೆ ಬಂದು, ಐದು ಲಿಂಗ ಇರೋ ಗುಡಿಯಂತೆ, ಒಬ್ಬಳೇ ಹೋಗಲು ಬೇಸರ, ನೀನಾದರೂ ಬಾ ಎಂದರು. ಆಗುವುದಿಲ್ಲ ಎನ್ನಲು ಬಾಯಿ ತೆರೆದವಳು ಎಷ್ಟು ಗಂಟೆಗೆ ಹೊರಡುವುದು ಎಂದು ಕೇಳಿದೆ.

ಚೂಡಿದಾರ್ ಹಾಕಿಕೊಂಡೆ. ಮದುವೆಯಾದ ಮೇಲೆ ಊರಲ್ಲಿ ಯಾರೂ ನನ್ನನ್ನು ಸೀರೆ ಬಿಟ್ಟು ಬೇರೆ ಬಟ್ಟೆಯಲ್ಲಿ ನೋಡಿಲ್ಲ. ಮೇಲೆ ಶಿವರಾಜರ ಟೋಪಿ, ಕರಿ ಕನ್ನಡಕ, ಮೂಗು ಬಾಯಿಗೆ ಮಾಸ್ಕು. ಕಳ್ಳತನಕ್ಕೆ ಹೊರಟ ಹಾಗಿದ್ದೀಯ ಎಂದು ಶಿವರಾಜ್ ನಕ್ಕರು. ನನಗೆ ನಗು ಬರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ದೂರದಿಂದಾದರೂ ಸರಿ, ಅಮ್ಮನನ್ನು ಕಣ್ತುಂಬ ನೋಡಿ ಬರುವುದು.

ದೇವಸ್ಥಾನದ ಮುಂದೆ ಎಲ್ಲರೂ ಸೇರಿದೆವು. ಈರೇಶ್ ಒಳ್ಳೆಯ ಹುಡುಗ, ಸೊಂಟಕ್ಕೆ ಸಣ್ಣ ಸ್ಪೀಕರು ಕಟ್ಟಿಕೊಂಡು ಅಚ್ಚುಕಟ್ಟಾಗಿ ಮಾತಾಡುತ್ತಿದ್ದ. ಬೆಂಗಳೂರು ಎನ್ನುವ ಹೆಸರು ಸಿಗುವ ಹಳೆಯ ಕಲ್ಲು ಇಲ್ಲಿಯದು ಎಂದು ತೋರಿಸಿದ. ಜನ ಓಹೋ ಎಂದರು. ಬಸಮ್ಮನವರು ಲಿಂಗಗಳ ಮುಂದೆ ಕಣ್ಣುಮುಚ್ಚಿ ನಿಂತವರು ಯಾರು ಕರೆದರೂ ಕದಲಲಿಲ್ಲ. ನಾನು ಮಾತ್ರ ಕಂಬದ ಮರೆಯಲ್ಲಿ ನಿಂತು ಪೂಜಾರಿಯ ಕಣ್ಣು ತಪ್ಪಿಸುತ್ತಿದ್ದೆ. ನನ್ನ ಮದುವೆಯ ಲಗ್ನಪತ್ರಿಕೆಯನ್ನು ಆ ದೇವರ ಮುಂದೆ ಇಟ್ಟು ಪೂಜೆ ಮಾಡಿಕೊಟ್ಟಿದ್ದವರು ಅವರೇ.

ಅಲ್ಲಿಂದ ಕೋಟೆ ಬೀದಿ. ಇಡೀ ಹಳೇ ಊರನ್ನು ನಡೆದುಕೊಂಡೇ ನೋಡಬಹುದು, ಅದೇ ಇದರ ವಿಶೇಷ ಎಂದ ಈರೇಶ್. ನಮಗೆ ಅದು ವಿಶೇಷ ಎಂದು ಗೊತ್ತೇ ಇರಲಿಲ್ಲ. ಅಂಗೈ ಅಗಲದ ಬೀದಿ, ನಡೆಯದೆ ಇನ್ನೇನು ಮಾಡುವುದು? ಈ ತುದಿಯಲ್ಲಿ ಒಗ್ಗರಣೆ ಹಾಕಿದರೆ ಆ ತುದಿಯಲ್ಲಿ ಸೀನುತ್ತಿದ್ದೆವು. ಈಗ ಎರಡೂ ಕಡೆ ಪೀಜಿ ಬೋರ್ಡುಗಳು, ಮೊಬೈಲ್ ಅಂಗಡಿ, ಮೊಮೊ ಗಾಡಿ. ಚಿಕ್ಕಬೈರಪ್ಪನ ಹಿಟ್ಟಿನ ಮಿಷಿನ್ನು ಇದ್ದ ಕಡೆ ಕೊರಿಯರ್ ಆಫೀಸು. ಆದರೂ ನಡುನಡುವೆ ಹೆಂಚಿನ ಮನೆಗಳು ಉಳಿದಿದ್ದವು. ಜಗಲಿಗಳು ಉಳಿದಿದ್ದವು. ಒಂದು ಜಗಲಿಯ ಮೇಲೆ ಸೊಣ್ಣಮ್ಮಜ್ಜಿ ಎಲೆಅಡಿಕೆ ಕುಟ್ಟುತ್ತಾ ಕೂತಿತ್ತು. ಎಷ್ಟು ಸಲ ಆ ಅಜ್ಜಿಯ ಸೆರಗಿನ ಗಂಟಿನಿಂದ ಬೆಲ್ಲ ಕಿತ್ತುಕೊಂಡು ತಿಂದಿದ್ದೇನೋ. ಈರೇಶ್ ಆ ಜಗಲಿಯ ಮುಂದೆ ನಿಂತು ಹಳೆಯ ಕಾಲದಲ್ಲಿ ದಾರಿಹೋಕರು ಇಲ್ಲಿ ದಣಿವಾರಿಸಿಕೊಳ್ಳುತ್ತಿದ್ದರು ಎಂದು ವಿವರಿಸುತ್ತಿದ್ದ. ಅಜ್ಜಿ ನನ್ನ ಮಾಸ್ಕು ನೋಡಿ ಮುಖ ತಿರುಗಿಸಿತು. ಅಜ್ಜೀ ನಾನು ಕಣೇ ಎಂದು ಕೂಗಬೇಕು ಎನಿಸಿತು. ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡು ಮುಂದೆ ನಡೆದೆ.

ಮುಂದಿನದು ನಮ್ಮ ಮನೆ.

ಅಣ್ಣ ಜಾಣ. ಹಿಂದಿನ ಹಟ್ಟಿಯನ್ನೆಲ್ಲ ಕೆಡವಿ ನಾಲ್ಕು ಮಹಡಿ ಪೀಜಿ ಕಟ್ಟಿಸಿದ್ದರೂ ಮುಂದಿನ ಪಡಸಾಲೆ, ಮರದ ಕಂಬ, ಅಂಗಳ ಹಾಗೇ ಇಟ್ಟುಕೊಂಡಿದ್ದಾನೆ. ಕಂಬಗಳಿಗೆ ಎಣ್ಣೆ ಹಚ್ಚಿಸಿದ್ದಾನೆ. ವಾಕಿಗೆ ಬಂದವರಿಗೆಲ್ಲ ನೀರುಮಜ್ಜಿಗೆ ಕೊಡುವುದು ಇಲ್ಲಿಯೇ ಎಂದು ಈರೇಶ್ ಹೇಳಿದಾಗ ನಾನು ಸಾಲಿನ ಕೊನೆಗೆ ಸರಿದೆ. ಅಣ್ಣ ಬಾಗಿಲಲ್ಲೇ ನಿಂತಿದ್ದ. ಹೊಟ್ಟೆ ಬಂದಿದೆ, ತಲೆಗೆ ಬಣ್ಣ ಹಾಕಿದ್ದಾನೆ, ಕಣ್ಣಿನ ಕೆಳಗೆ ಚೀಲ. ಬನ್ನಿ ಸಾರ್, ಬನ್ನಿ ಮೇಡಂ, ಚಪ್ಪಲಿ ಇಲ್ಲೇ ಬಿಡಿ ಎಂದು ಎಲ್ಲರಿಗೂ ಹೇಳಿದ ಹಾಗೆ ನನಗೂ ಹೇಳಿದ. ಗುರುತು ಸಿಗಬಾರದೆಂದು ವೇಷ ಹಾಕಿಕೊಂಡವಳು ನಾನೇ. ಗುರುತು ಸಿಗಲಿಲ್ಲವೆಂದು ಹೊಟ್ಟೆ ಉರಿದದ್ದೂ ನನಗೇ.

ಎಲ್ಲರೂ ಒಳಗೆ ಹೋದರು. ನನಗೆ ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಅಮ್ಮನ ಎದುರು ಮಾಸ್ಕು ಹಾಕಿಕೊಂಡು ಮೂಗಿಯ ಹಾಗೆ ನಿಲ್ಲುವುದು ಹೇಗೆ? ಅಂಗಳದ ಮೂಲೆಗೆ ಹೋಗಿ ಕೂತೆ. ಅಲ್ಲೊಂದು ಕಲ್ಲಿದೆ. ನನಗೆ ಬುದ್ಧಿ ಬಂದಾಗಿನಿಂದ ಅಮ್ಮ ಅದರ ಮೇಲೆ ನನ್ನನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಕೂತು ಉಸಿರು ಬಿಡುವಷ್ಟರಲ್ಲಿ ಈರೇಶ್ ಓಡಿ ಬಂದ. ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ಅದು ವೀರಗಲ್ಲು, ದಯವಿಟ್ಟು ಅದರ ಮೇಲೆ ಕೂರಬೇಡಿ ಎಂದ. ನೋಡಿದರೆ ನಿಜವೇ. ಸವೆದ ಕಲ್ಲಿನ ಮಗ್ಗುಲಲ್ಲಿ ಕತ್ತಿ ಹಿಡಿದ ಒಬ್ಬ ಮನುಷ್ಯ ಅಡ್ಡಡ್ಡ ಮಲಗಿದ್ದಾನೆ. ಅವನ ಮೇಲೆ ನಾವು ಬಟ್ಟೆ ಒಗೆದಿದ್ದೇವೆ. ಯಾರೋ ಏನೋ, ಕ್ಷಮಿಸಪ್ಪ ಎಂದು ಮನಸ್ಸಿನಲ್ಲೇ ಹೇಳಿ ಎದ್ದು ಗೋಡೆಗೆ ಒರಗಿ ನಿಂತೆ.

ಅಲ್ಲಿಂದ ಪಡಸಾಲೆ ಪೂರ್ತಿ ಕಾಣುತ್ತಿತ್ತು. ಅಮ್ಮ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ಎಷ್ಟು ಸಣ್ಣಗಾಗಿಬಿಟ್ಟಿದ್ದಾಳೆ. ಮೊಣಕೈ ಮೂಳೆ ಎದ್ದು ಕಾಣುತ್ತಿತ್ತು, ಕೂದಲೆಲ್ಲ ಸೇರಿ ನೆಲ್ಲಿಕಾಯಿ ಗಾತ್ರದ ಒಂದು ತುರುಬು. ಕನ್ನಡಕದ ಹಿಂದೆ ನನ್ನ ಕಣ್ಣು ತುಂಬಿ ಎಲ್ಲ ಮಸುಕಾಯಿತು. ಒರೆಸಿಕೊಂಡು ಮತ್ತೆ ನೋಡಿದೆ. ಬಸಮ್ಮನವರು ಸೀದಾ ಹೋಗಿ ಅಮ್ಮನ ಪಕ್ಕದಲ್ಲಿ ಕೂತಿದ್ದರು. ಇವರ ಮಾತು ಅವಳಿಗೆ ಪೂರ್ತಿ ಹತ್ತುವುದಿಲ್ಲ, ಅವಳದು ಇವರಿಗೆ ಹತ್ತುವುದಿಲ್ಲ, ಆದರೂ ಇಬ್ಬರೂ ತಲೆಯಾಡಿಸಿಕೊಂಡು ನಗುತ್ತಿದ್ದರು. ಅಮ್ಮನ ಕೈ ಬಸಮ್ಮನವರ ಮೊಣಕಾಲಿನ ಮೇಲಿತ್ತು. ಆ ಕೈಯ ಮೇಲೆ ನನ್ನ ಕಣ್ಣು ನೆಟ್ಟುಹೋಯಿತು.

ಅಷ್ಟರಲ್ಲಿ ರತ್ನ ಅತ್ತಿಗೆ, ಅಣ್ಣನ ಹೆಂಡತಿ, ಅರಿಶಿನ ಕುಂಕುಮದ ತಟ್ಟೆ ತಂದಳು. ಬಂದ ಹೆಂಗಸರಿಗೆಲ್ಲ ಕುಂಕುಮ ಕೊಡುವುದು ಕಾರ್ಯಕ್ರಮದಲ್ಲೇ ಸೇರಿದೆ. ಹುಡುಗಿಯರು ಇಟ್ಟುಕೊಂಡು ಫೋಟೋ ತೆಗೆಸಿಕೊಂಡರು. ಬಸಮ್ಮನವರು ಇಟ್ಟುಕೊಂಡು, ಕೂತಲ್ಲಿಂದ ಏಳದೆ, ಇಳಕಲ್ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಒಡ್ಡಿದರು.

ಅವರ ಕಡೆ ಮುತ್ತೈದೆ ಯಾರ ಮನೆಗೆ ಹೋದರೂ ಹೊರಡುವಾಗ ಉಡಿ ತುಂಬುತ್ತಾರೆ. ತುಂಬಿಸಿಕೊಳ್ಳದೆ ಎದ್ದರೆ ಆ ಮನೆಯವರನ್ನು ಕಡೆಗಣಿಸಿದ ಹಾಗೆ. ಬಸಮ್ಮನವರು ಮರ್ಯಾದೆಗೆಂದೇ ಒಡ್ಡಿದ್ದು. ಆದರೆ ನಮ್ಮಲ್ಲಿ ಮಡಿಲಕ್ಕಿ ಎನ್ನುವುದು ತವರಿನದು. ಮನೆ ಮಗಳ ಸೆರಗಿಗೆ ಮಾತ್ರ ಹಾಕುವುದು. ಬೇರೆಯವರ ಮನೆಯಲ್ಲಿ ಸೆರಗು ಒಡ್ಡಿದರೆ ನಾನೂ ಈ ಮನೆಯ ಮಗಳು ಎಂದು ಕೇಳಿದ ಹಾಗೆ. ಅತ್ತಿಗೆ ತಟ್ಟೆ ಹಿಡಿದುಕೊಂಡು ಕಲ್ಲಾದಳು. ಅಣ್ಣ ನಡುವೆ ಬಂದು, ಅದು ನಾವು ಮನೆ ಮಗಳಿಗೆ ಮಾತ್ರ ಹಾಕುವುದಮ್ಮ ಎಂದು ಮೆಲ್ಲಗೆ ಹೇಳಿದ. ಬಸಮ್ಮನವರ ಮುಖ ಸಣ್ಣದಾಯಿತು. ತಪ್ಪಾಯಿತೇನೋ ಎಂದು ಸೆರಗು ಮಡಚಿಕೊಳ್ಳಹೋದರು.

ಆಗ ಅಮ್ಮ ಮಾತಾಡಿದಳು. ಐದು ವರ್ಷದ ಮೇಲೆ ನಾನು ಕೇಳಿದ ಅಮ್ಮನ ಮೊದಲ ಮಾತು ಅದು.

“ಆಕು ರತ್ನ. ಈ ಮನೆಯಿಂದ ಎಣ್ಮಗಳನ್ನ ಬರೀ ಸೆರಗಲ್ಲಿ ಕಳಿಸಿದ್ದು ಸಾಕು.”

ಫೋಟೋ ತೆಗೆಯುತ್ತಿದ್ದವರು ಫೋನು ಇಳಿಸಿದರು. ಅಣ್ಣ ಗೋಡೆಯ ಕಡೆ ನೋಡಿದ. ಅತ್ತಿಗೆ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕಾಯಿ, ಅಚ್ಚು ಬೆಲ್ಲ, ಎಲೆ ಅಡಿಕೆ ತಂದು ಬಸಮ್ಮನವರ ಸೆರಗಿಗೆ ಬೊಗಸೆ ಬೊಗಸೆ ಹಾಕಿದಳು. ಅಪ್ಪ ಹೋದ ಮೇಲೆ ಅಮ್ಮ ಇಂಥದ್ದಕ್ಕೆಲ್ಲ ಕೈ ಹಚ್ಚುವುದಿಲ್ಲ, ದೂರ ಸರಿದು ಕೂರುತ್ತಾಳೆ. ಅವತ್ತು ಅವಳೇ ಮುಂದೆ ಬಾಗಿ ಸೆರಗಿನ ತುದಿಗಳನ್ನು ಸೇರಿಸಿ ಗಂಟು ಹಾಕಿದಳು. ಅವಳ ತಲೆ ಬಸಮ್ಮನವರ ಭುಜಕ್ಕೆ ತಾಗಿಕೊಂಡಿತ್ತು. ಗಂಟು ಹಾಕಲು ಅಷ್ಟು ಹೊತ್ತು ಬೇಕೇ ಎಂದು ನನ್ನ ಮೈ ಉರಿಯುತ್ತಿತ್ತು. ಆ ಅಕ್ಕಿ ನನ್ನದು, ಆ ಗಂಟು ನನ್ನದು, ಏಳಮ್ಮ ಅಲ್ಲಿಂದ ಎಂದು ಬಸಮ್ಮನವರನ್ನು ಎಳೆದು ಹಾಕಬೇಕು ಎನ್ನುವಷ್ಟು ಸಿಟ್ಟು ಬಂತು. ಪಾಪದ ಹೆಂಗಸು, ಅವರು ಮಾಡಿದ್ದೇನು? ಈರೇಶ್ ಹೊರಡೋಣ ಎಂದು ಕರೆದ. ಅಮ್ಮ ಅಂಗಳದ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಕ್ಯಾಬು ಬೇಗೂರು ರಸ್ತೆಯಲ್ಲಿ ತೆವಳಿಕೊಂಡು ಬೊಮ್ಮನಹಳ್ಳಿ ಮುಟ್ಟುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಬಸಮ್ಮನವರು ತೊಡೆಯ ಮೇಲಿದ್ದ ಗಂಟನ್ನು ಬಿಚ್ಚತೊಡಗಿದರು.

“ತಂಗೀ, ಆ ಮುದುಕಿ ಗಂಟ ಹಾಕುವಾಗ ನನ್ನ ಕಿವ್ಯಾಗ ಒಂದ ಮಾತು ಹೇಳ್ಯಾಳ. ಬಂದವರೆಲ್ಲಾ ಕಂಬ ನೋಡಿದ್ರು, ಒಬ್ಬಾಕಿ ಸೀದಾ ಹೋಗಿ ಎಣ್ಣಿ ಹಚ್ಚೋ ಕಲ್ಲಿನ ಮ್ಯಾಲ ಕೂತ್ಲು. ಈ ಅಕ್ಕಿ ಅಕಿದು. ದಾರ್ಯಾಗ ಕೊಡು, ಇಲ್ಲಿ ಕೊಡಬ್ಯಾಡ, ಅಂದ್ಲು. ಯಾಕ ಅಂತ ನಾ ಕೇಳಲಿಲ್ಲ. ನೀನ ಹೇಳು.”

ಮಾಸ್ಕು ಕಿತ್ತು ಹಾಕಿ ಮುಖ ಮುಚ್ಚಿಕೊಂಡು ಅತ್ತೆ. ಡ್ರೈವರು ಕನ್ನಡಿಯಲ್ಲಿ ನೋಡಿ ಹಾಡು ನಿಲ್ಲಿಸಿದ. ಎಲ್ಲವನ್ನೂ ಹೇಳಿದೆ. ಸೈನು, ಕೇಸು, ಐದು ವರ್ಷ, ಆನೇಕಲ್ ಸುಳ್ಳು. ಅಮ್ಮ ನನ್ನ ಗುರುತು ಹಿಡಿದಳು ಎನ್ನುವ ಖುಷಿ ಒಂದು ಕಡೆ. ಹಿಡಿದೂ ಕರೆಯಲಿಲ್ಲವಲ್ಲ ಎನ್ನುವ ಸಂಕಟ ಇನ್ನೊಂದು ಕಡೆ. ಮಗನ ಮನೆಯಲ್ಲಿ ಊಟ ಮಾಡುವವಳು, ಅವಳಿಗೂ ಭಯ ಇರುತ್ತದೆ, ನನಗೆ ಅರ್ಥವಾಗುತ್ತದೆ. ಆದರೂ ಒಂದು ಸಲ ಮಾಲಾ ಅನ್ನಬಾರದಿತ್ತೇ? ಬಸಮ್ಮನವರು ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಆನೇಕಲ್ ಎಂದು ಸುಳ್ಳು ಹೇಳಿದ್ದಕ್ಕೆ ಚೆನ್ನಾಗಿ ಬೈದರು. ಆಮೇಲೆ ನನ್ನ ವೇಲನ್ನು ಹರಡಿಸಿ, ಅಕ್ಕಿ, ಕಾಯಿ, ಬೆಲ್ಲ ಎಲ್ಲವನ್ನೂ ಅದರೊಳಗೆ ಸುರಿದು, ತಮ್ಮ ಸೆರಗು ಕೊಡವಿಕೊಂಡರು.

ಅಕ್ಕಿಯಲ್ಲಿ ಕೈಯಾಡಿಸುತ್ತಿದ್ದವಳಿಗೆ ಥಟ್ಟನೆ ಹೊಳೆಯಿತು. ನಮ್ಮಲ್ಲಿ ಮಡಿಲಕ್ಕಿ ಹಾಕಿಸಿಕೊಂಡ ಮಗಳು ಹೊಸ್ತಿಲು ದಾಟುವ ಮೊದಲು ಅದರಿಂದ ಒಂದು ಹಿಡಿ ತೆಗೆದು ವಾಪಸ್ ಮೊರಕ್ಕೆ ಹಾಕಿ ಬರಬೇಕು. ತವರು ಬರಿದಾಗದಿರಲಿ, ತುಂಬಿರಲಿ ಎಂದು. ಬಸಮ್ಮನವರಿಗೆ ಅದು ಗೊತ್ತಿಲ್ಲ. ಆ ಗಲಿಬಿಲಿಯಲ್ಲಿ ಅತ್ತಿಗೆ ನೆನಪಿಸಲೂ ಇಲ್ಲ. ಹಿಡಿ ಹಾಕದೆ ಅಷ್ಟೂ ಅಕ್ಕಿಯನ್ನು ಎತ್ತಿಕೊಂಡು ಬಂದುಬಿಟ್ಟಿದ್ದೆವು. ಇದು ನನ್ನ ಮಡಿಲಕ್ಕಿಯಾದರೆ ಹಿಡಿ ಹಾಕಬೇಕಾದವಳೂ ನಾನೇ. ಕೋರ್ಟಿನಲ್ಲಿ ನಾನು ಕೇಳುತ್ತಿರುವುದು ನನ್ನ ಭಾಗ. ಆ ಮನೆ ಬರಿದಾಗಲಿ ಎಂದು ನಾನು ಯಾವ ದಿನವೂ ಬಯಸಿಲ್ಲ, ನನ್ನಾಣೆಗೂ ಬಯಸಿಲ್ಲ.

ಗಾಡಿ ತಿರುಗಿಸಿ ಎಂದೆ. ಡ್ರೈವರು ಯೂ ಟರ್ನು ಬಹಳ ಮುಂದಿದೆ ಎಂದು ಗೊಣಗಿದ. ಎಷ್ಟು ಮುಂದಿದ್ದರೂ ಪರವಾಗಿಲ್ಲ, ತಿರುಗಿಸಪ್ಪ ಎಂದು ಬಸಮ್ಮನವರು ಗದರಿದರು.

ಬೀದಿಯ ತುದಿಯಲ್ಲಿ ಇಳಿದೆ. ಬಸಮ್ಮನವರು ಗಾಡಿಯಲ್ಲೇ ಉಳಿದರು. ಟೋಪಿ, ಮಾಸ್ಕು, ಕನ್ನಡಕ ಎಲ್ಲವನ್ನೂ ಸೀಟಿನ ಮೇಲೆ ಬಿಟ್ಟಿದ್ದೆ. ವೇಲಿನ ಗಂಟನ್ನು ಎಡಗೈಯಲ್ಲಿ ಅವಚಿಕೊಂಡು ನಡೆದೆ. ಎಷ್ಟು ಹತ್ತಿರದ ದಾರಿ, ಅವತ್ತು ಮುಗಿಯಲೇ ಇಲ್ಲ. ಯಾರು ನೋಡಿದರು, ಯಾರು ಬಿಟ್ಟರು ನನಗೆ ಗೊತ್ತಿಲ್ಲ.

ಅಣ್ಣ ಬಾಗಿಲಲ್ಲಿ ಬಗ್ಗಿ ಮಜ್ಜಿಗೆಯ ಖಾಲಿ ಲೋಟಗಳನ್ನು ಬಕೆಟ್ಟಿಗೆ ಹಾಕುತ್ತಿದ್ದ. ಚೂಡಿದಾರಿನ ಕಾಲು ಕಂಡು, ಏನ್ ಮೇಡಂ, ಏನಾದರೂ ಬಿಟ್ಟು ಹೋದಿರಾ ಎಂದು ತಲೆ ಎತ್ತಿದ. ಎತ್ತಿದವನು ಹಾಗೇ ನಿಂತ. ನನ್ನ ಮುಖ ನೋಡಿದ, ವೇಲಿನ ಗಂಟು ನೋಡಿದ, ಒಳಗೆ ಅಮ್ಮನ ಕಡೆ ಒಂದು ಸಲ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

“ಕೇಸು ವಾಪಸ್ ತಗೊಂಡು ಬಂದ್ಯಾ?”

“ಇಲ್ಲ ಕಣಣ್ಣ. ಹಿಡಿ ಅಕ್ಕಿ ಹಾಕೋಗಾಣ ಅಂತ ಬಂದೆ.”

ಅವನು ಬಾಗಿಲಿನಿಂದ ಸರಿಯಲಿಲ್ಲ. ಅವನ ಕಿವಿ ಕೆಂಪಗಾಗಿತ್ತು. ಸಿಟ್ಟು ಬಂದರೂ ಅಳು ಬಂದರೂ ಅವನಿಗೆ ಮೊದಲು ಕಿವಿಯೇ ಕೆಂಪಾಗುವುದು, ಯಾವುದು ಎಂದು ನನಗೆ ತಿಳಿಯಲಿಲ್ಲ. ನಾನು ಗಂಟಿನೊಳಗೆ ಕೈ ಹಾಕಿ ಒಂದು ಹಿಡಿ ತೆಗೆದುಕೊಂಡು ಕೈ ಮುಂದೆ ಚಾಚಿ ನಿಂತೆ. ಮುಷ್ಟಿಯ ಸಂದಿನಿಂದ ಅಕ್ಕಿ ಸೋರತೊಡಗಿತು. ಒಳಗಿನಿಂದ ಅಮ್ಮ ಕೇಳಿದಳು, ಯಾರಪ್ಪ ಅದು ಬಾಗಿಲಲ್ಲಿ ಎಂದು.

ಅಣ್ಣ ಒದ್ದೆ ಕೈಗಳನ್ನು ಪಂಚೆಗೆ ಒರೆಸಿಕೊಂಡ. ಒಂದು ಸಲ ಒರೆಸಿದ್ದು ಸಾಲದೆಂದು ಮತ್ತೆ ಒರೆಸಿಕೊಂಡ. ಆಮೇಲೆ ಎರಡೂ ಕೈ ಜೋಡಿಸಿ ನನ್ನ ಮುಷ್ಟಿಯ ಕೆಳಗೆ ಬೊಗಸೆ ಹಿಡಿದ. ನಾನು ಕೈ ಬಿಚ್ಚಿದೆ.

“ಮಾಲಾ ಕಣಮ್ಮ,” ಅಂದ.